ಇಳಿದರೆ ಬಸ್ಕಿ

ಗೋವಾದ ವಾಸ್ಕೋದಲ್ಲಿ ಹೊಟ್ಟೆ ಹೊರೆಯುವ ನಮ್ಮಂಥ ಹುಬ್ಬಳ್ಳಿ-ಗದಗಿನ ಮಂದಿ ಊರಿಗೆ ಹೋಗಬೇಕಾದರೆ ಘಟ್ಟದ ನಡುವೆ ದೂಧಸಾಗರ ಎಂಬ ನಿಲ್ದಾಣ ಸಿಗುತ್ತದೆ. ಫಲಕ ಇದೆ, ಹೆಸರಿದೆ, ಗಾಡಿ ನಿಲ್ಲುವುದೂ ಉಂಟು. ಇಳಿಯುವ ಹಾಗಿಲ್ಲ, ಅಷ್ಟೇ. ನಿಲ್ದಾಣವೆಂದರೆ ನಿಲ್ಲುವ ತಾಣ. ಇಳಿಯುವ ತಾಣ ಅಂತ ಯಾವ ನಿಘಂಟಿನಲ್ಲಿದೆ, ತೋರಿಸಿ?

37 ಅಡಿ ಸಾಗಿದರೆ 1 ಅಡಿ ಏರುವ ಕಡಿದಾದ ಹಳಿ ಇದು. ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ನಿಂದ ಕೆಳಗೆ ಗೋವಾದ ಕುಳೆಂಗೆ ಇಳಿಯುವ ಗಾಡಿಯ ಬ್ರೇಕು ನೋಡಲು ನಿಲ್ಲಿಸುತ್ತಾರೆ. ಗಾಡಿಗೆ ಇಳಿಯುವ ಮುಂಚೆ ಪರೀಕ್ಷೆ, ನಮಗೆ ಇಳಿದ ಮೇಲೆ. 2023ರ ಜುಲೈಯಲ್ಲಿ ಹಳಿಗುಂಟ ದೂಧಸಾಗರ ಜಲಪಾತಕ್ಕೆ ಹೊರಟವರಿಂದ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ದೇಶವೇ ಮೊಬೈಲಿನಲ್ಲಿ ನೋಡಿತು. (ಹಳಿಯ ಮೇಲೆ ಸೆಲ್ಫಿಗೆ ನಿಲ್ಲುವ ಪುಂಡರಿಗೆ ನಾಲ್ಕು ಬಸ್ಕಿ ಕಡಿಮೆಯೇ ಅನ್ನಿ.) ಬೋಗಿಯೊಳಗೇ ಕೂತು ಸೊಬಗು ಸವಿಯಿರಿ ಎಂದು ರೈಲ್ವೆಯ ಬಿನ್ನಹವೂ ಬಂತು. ಸವಿದೆ. ಇಡೀ ಬೋಗಿ ಒಂದೇ ಕಿಟಕಿಗೆ ಮುಗಿಬಿದ್ದಾಗ, 310 ಮೀಟರಿನ ಆ ಜಲಪಾತದಲ್ಲಿ ನನ್ನ ಪಾಲಿಗೆ ಬಂದದ್ದು ಪಕ್ಕದವನ ಕಂಕುಳು.

ಈ ದಾರಿಗೆ ಮನುಷ್ಯರ ಮೇಲೆ ಮೊದಲಿನಿಂದಲೂ ಗುಮಾನಿ. 1880ರ ದಶಕದಲ್ಲಿ ಹಾಸಿದಾಗ ಅದು ಮೀಟರ್‌ಗೇಜ್. ಆ ಕಡೆ ಕುಳೆಂನಲ್ಲಿ ಪೋರ್ಚುಗೀಸರ ಸುಂಕದ ಕಟ್ಟೆ, ಈ ಕಡೆ ಕ್ಯಾಸಲ್‌ರಾಕ್‌ನಲ್ಲಿ ಇಂಗ್ಲಿಷರದು. ಒಂದೇ ಗಂಟನ್ನು ಎರಡು ಸಲ ಬಿಚ್ಚಬೇಕು. 1955ರಲ್ಲಿ ಗಡಿಯಾಚೆಯ ಸಂಚಾರವೇ ನಿಂತಿತು. 1961ರಲ್ಲಿ ಗೋವಾ ಬಿಡುಗಡೆಯಾಯಿತು, ಗಾಡಿಗೂ ಬಿಡುಗಡೆ ಸಿಕ್ಕಿತು. ಗಾಡಿಯೊಳಗಿನವರ ಕಡತ ಎಲ್ಲೋ ಬಾಕಿ ಉಳಿದಿರಬೇಕು.

ತಮಾಷೆ ಎಂದರೆ, ನಾಲ್ಕು ಜನ ಕಾಲೂರಲು ಜಾಗವಿಲ್ಲದ ಇದೇ ಘಟ್ಟದಲ್ಲಿ ಇನ್ನೊಂದು ಹಳಿಗೆ ಜಾಗ ಇತ್ತಂತೆ! ಹಾಸಲು ತಯಾರಾಗಿದ್ದರು, ಕಾಡು, ಕಾಡುಪ್ರಾಣಿಗಳ ಗತಿ ಏನು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು.

ಮೊನ್ನೆ ಎದುರಿನ ಸೀಟಿನ ಬೆಟಗೇರಿಯ ಅಜ್ಜಿ, ರೊಟ್ಟಿಗಂಟು ಬಿಚ್ಚುತ್ತಾ ಕೇಳಿದಳು:

"ತಮ್ಮಾ, ಯಾವ ಟೇಶನ್ನು?"

"ದೂಧಸಾಗರ, ಅಜ್ಜಿ."

"ಯಾರ ಇಳದ್ರು?"

"ಯಾರೂ ಇಲ್ಲ."

"ಹತ್ತಿದ್ರೇನು?"

"ಒಂದು ಮಂಗ್ಯಾ."

ಗಂಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಜ್ಜಿ ಅಂದಳು: "ಹಂಗಾರ ಟೇಶನ್ನು ಅದರದ ಬಿಡು."