ಪೇಟೆಗೆ ಹೋಗಲಿಕ್ಕೊಂದು ನೆಪ

ಮಂಗಳೂರಿನ ಪೇಟೆಗೆ ಸುಮ್ನೆ ಹೋಗಬಾರದು. ಅದೂ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಏನಾದರೊಂದು ಕೆಲಸ ಇಟ್ಟುಕೊಂಡೇ ಹೋಗಬೇಕು. ಕೊಡೆಯ ಕಡ್ಡಿ ಮುರಿದಿರಬೇಕು. ಕನ್ನಡಕದ ಸ್ಕ್ರೂ ಬಿದ್ದಿರಬೇಕು. ಏನೂ ಇಲ್ಲದಿದ್ದರೆ ಅಮ್ಮನ ದೇವರ ದೀಪಕ್ಕೆ ಬತ್ತಿಯಾದರೂ ಮುಗಿದಿರಬೇಕು.

ಬೆಂಗಳೂರಿನ ನಮ್ಮ ಭಾವನಿಗೆ ಇದು ಅರ್ಥವಾಗುವುದಿಲ್ಲ. ತಂಗಿಯ ಸಂಸಾರ ರಜೆಯಲ್ಲಿ ಬಂದಾಗಲೆಲ್ಲ ಅವರು ಮೊಬೈಲ್ ಹಿಡಿದು ಪಟ್ಟಿ ಮಾಡುತ್ತಾರೆ. ಪಣಂಬೂರು, ಪಿಲಿಕುಳ, ಸೋಮೇಶ್ವರ. ಎಲ್ಲ ಒಳ್ಳೆಯ ಜಾಗಗಳೇ, ಆದರೆ ಯಾವುದೂ ಪೇಟೆಯಲ್ಲ. "ಸಿಟಿ ಒಳಗೆ ಮಕ್ಕಳಿಗೆ ನೋಡೋಕೆ ಏನಿದೆ ಭಾವ?" ಎಂದು ಕೇಳುತ್ತಾರೆ. "ನೋಡ್ಲಿಕ್ಕೆ ಅಂತ ಏನೂ ಇಲ್ಲ ಮಾರಾಯ್ರೆ, ಬನ್ನಿ ಕೊಡೆ ರಿಪೇರಿ ಮಾಡಿಸಿಕೊಂಡು ಬರುವ" ಎನ್ನುತ್ತೇನೆ ನಾನು. ಅವರ ಮುಖ ಸಣ್ಣದಾಗುತ್ತದೆ.

ನೋಡಲಿಕ್ಕೆಂದೇ ಹೊರಟರೆ ಏನಾಗುತ್ತದೆ ಗೊತ್ತಲ್ವಾ? ಮಕ್ಕಳು ಪ್ರತಿ ಜಾಗದಲ್ಲೂ "ಆಯ್ತಾ? ಇನ್ನೆಂತ?" ಎಂದು ಕೇಳುತ್ತವೆ. ಅಷ್ಟು ದೂರದಿಂದ ಕರೆದುಕೊಂಡು ಬಂದದ್ದಕ್ಕೆ ದೊಡ್ಡವರಿಗೆ ಸಿಟ್ಟು ಬರುತ್ತದೆ. ಕೊಡೆ ರಿಪೇರಿಗೆ ಹೋದರೆ ಆ ತಾಪತ್ರಯ ಇಲ್ಲ. ದಾರಿಯಲ್ಲಿ ಕಂಡದ್ದೆಲ್ಲ ಲಾಭ. ಕಾಣದಿದ್ದರೂ ಯಾರಿಗೂ ನಷ್ಟ ಇಲ್ಲ.

ನಮ್ಮ ಪೇಟೆ ಇರುವುದು ಗುಡ್ಡದ ಮೇಲೆ ಮತ್ತು ಗುಡ್ಡದ ಕೆಳಗೆ. ಸಪಾಟಾದ ಜಾಗ ಎಂದರೆ ನೆಹರೂ ಮೈದಾನ, ಅಲ್ಲಿ ಯಾವಾಗಲೂ ಕ್ರಿಕೆಟ್. ಹಾಗಾಗಿ ತಿಳಿದವರು ಮೊದಲು ಮೇಲೆ ಹೋಗಿ ಆಮೇಲೆ ಇಳಿಯುತ್ತಾರೆ. ಜ್ಯೋತಿ ಸ್ಟಾಪಿನಲ್ಲಿ ಬಸ್ ಇಳಿದು ಬಾವುಟಗುಡ್ಡೆಗೆ ನಡೆಯಬೇಕು. ಹಂಪನಕಟ್ಟೆಯಿಂದ ಏರು ಹತ್ತಿಸಿದರೆ ಅರ್ಧ ದಾರಿಯಲ್ಲೇ ಸಣ್ಣದು ಎತ್ತಿಕೋ ಎನ್ನುತ್ತದೆ. 1837ರಲ್ಲಿ ಅಮರ ಸುಳ್ಯದ ಕಡೆಯಿಂದ ದಂಡು ಕಟ್ಟಿಕೊಂಡು ಬಂದ ರೈತರು ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಗುಡ್ಡ ಇದು. ಸುಳ್ಯದಿಂದ ಇಲ್ಲಿವರೆಗೆ ನಡೆದೇ ಬಂದರು ಎಂದು ಹೇಳಿದರೆ, ಕಾಲು ನೋವು ಎನ್ನುತ್ತಿದ್ದ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿರುತ್ತವೆ. ಜಾಸ್ತಿ ಹೊತ್ತಲ್ಲ. ಹಳೆಯ ದೀಪಸ್ತಂಭದ ಪಕ್ಕದ ಟಾಗೋರ್ ಪಾರ್ಕಿನ ಬೆಂಚಿನಲ್ಲಿ ನೀರು ಕುಡಿಸಿ ಮುಂದೆ ಹೋದರೆ ಅಲೋಶಿಯಸ್ ಚಾಪೆಲ್.

ಇದಕ್ಕೆ ಮಾತ್ರ ನೆಪ ಬೇಡ. ಬಲಿಪೂಜೆಯ ಹೊತ್ತು ಬಿಟ್ಟು ಒಳಗೆ ಹೋಗಬೇಕು, ತಲೆ ಎತ್ತಬೇಕು, ಅಷ್ಟೆ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೆನಿ ಎಂಬ ಜೆಸ್ಯೂಟ್ ಕಲಾವಿದರು ಗೋಡೆ, ಕಮಾನು, ಮಾಡು ಯಾವುದನ್ನೂ ಬಿಡದೆ ಚಿತ್ರ ಬರೆದು 1901ರಲ್ಲಿ ಮುಗಿಸಿದರು. ಗೋಡೆಯ ಚಿತ್ರಗಳಲ್ಲಿ ಬಹಳಷ್ಟು ಹಸಿ ಗಾರೆಯ ಮೇಲೆ ಬರೆದವು. ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು, ತಪ್ಪಿದರೆ ಕೆತ್ತಿ ಹೊಸದಾಗಿ ಗಾರೆ ಹಾಕಬೇಕು. ಮಂಗಳೂರಿನ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ಗಾರೆ ಎಷ್ಟು ದಿನ ಹಸಿಯಾಗಿ ಇರುತ್ತಿತ್ತೋ ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಈ ಕೆಲಸ ಮಾಡಲು ಧೈರ್ಯ ಬೇಕು. ತಂಗಿಯ ಮಗ, ನನ್ನ ಅಳಿಯನಿಗೆ ಅದೆಲ್ಲ ಬೇಡ. "ಮಾಮ, ಕೆಳಗೆ ಬೀಳದೆ ಅಷ್ಟು ಮೇಲೆ ಹೇಗೆ ಬರೆದರು?" ಎನ್ನುವುದೇ ಅವನ ಪ್ರಶ್ನೆ. ಸರಿಯಾದ ಪ್ರಶ್ನೆಯೇ.

ಅಲ್ಲಿಂದ ಇಳಿದರೆ ಹಂಪನಕಟ್ಟೆ. ಮಾಲ್‌ಗಳ ಬಗ್ಗೆ ನನಗೆ ದ್ವೇಷ ಇಲ್ಲ, ಜುಲೈ ತಿಂಗಳಲ್ಲಿ ಅವು ಪುಣ್ಯದ ಜಾಗಗಳು. ಆದರೆ ಮಾಲ್ ಮಂಗಳೂರಿನದ್ದೋ ಮೈಸೂರಿನದ್ದೋ ಒಳಗೆ ಹೋದ ಮೇಲೆ ಗೊತ್ತಾಗುವುದಿಲ್ಲ.

ರಥಬೀದಿಯಲ್ಲಿ ಗೊತ್ತಾಗುತ್ತದೆ. ವೆಂಕಟರಮಣ ದೇವಸ್ಥಾನದ ಆ ಬೀದಿಗೆ ರಥಸಪ್ತಮಿಯ ಕೊಡಿಯಾಲ ತೇರಿನ ಹೊತ್ತಿಗೆ ಹೋದರೆ ಮಕ್ಕಳ ಕೈ ಬಿಡುವ ಹಾಗಿಲ್ಲ, ಉಳಿದ ದಿನ ತೊಂದರೆ ಇಲ್ಲ. ಇಲ್ಲಿ ನಮ್ಮ ಕೆಲಸ ಮಲ್ಲಿಗೆ. ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಸುತ್ತಿ, ಬಾಳೆ ಎಲೆಯ ಮೇಲೆ ಇಟ್ಟಿರುತ್ತಾರೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಲೆಕ್ಕ ಇದು. ದರ ಮಾತ್ರ ದಿನಕ್ಕೊಂದು, ಮದುವೆಯ ಸೀಸನ್ ಬಂದರೆ ಕೇಳುವುದೇ ಬೇಡ. ಇದನ್ನು ಕೇಳಿದ ಅಳಿಯ ಅಲ್ಲೇ ಎಣಿಸಲಿಕ್ಕೆ ಕೂತ. ಹೂವಿನಂಗಡಿಯ ಅಕ್ಕ ನಗುತ್ತಾ "ಎಣಿಸು ಮಗಾ, ಕಮ್ಮಿ ಇದ್ದರೆ ಹೇಳು" ಎಂದರು. ಬೆರಳಿನಲ್ಲಿ ಮೊಗ್ಗು ಸರಿಸಿ ಸರಿಸಿ ಎಪ್ಪತ್ತರವರೆಗೆ ಹೋದ. ಅಷ್ಟರಲ್ಲಿ ಒಂದು ದನ ಬಂದು ಪಕ್ಕದಲ್ಲಿ ಬಿದ್ದಿದ್ದ ಬಾಳೆ ಎಲೆ ಎಳೆಯಿತು. ಲೆಕ್ಕ ತಪ್ಪಿತು. ತಂಗಿ ಎರಡು ಚೆಂಡು ಜಾಸ್ತಿ ತೆಗೆದುಕೊಂಡಳು, ನಾಚಿಕೆಗೆ.

ನವರಾತ್ರಿಯಲ್ಲಾದರೆ ಕೆಲಸವನ್ನೂ ಹುಡುಕಬೇಕಾಗಿಲ್ಲ. ದೂರದಲ್ಲಿ ಹುಲಿವೇಷದ ತಾಸೆ ವಾದ್ಯದ ಸದ್ದು ಕೇಳಿದರೆ ಅದರ ಹಿಂದೆ ಹೋದರಾಯಿತು. ಬಣ್ಣ ಹಾಕಿದ ಹುಲಿಗಳು ಅಂಗಡಿಯಿಂದ ಅಂಗಡಿಗೆ ಕುಣಿಯುತ್ತಾ ಬರುತ್ತವೆ. ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವ ಹುಲಿಯೂ ಉಂಟು, ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುವ ಮರಿಹುಲಿಯೂ ಉಂಟು. ಮಕ್ಕಳು ಮೊದಲು ಹೆದರಿ ಅಮ್ಮನ ಸೆರಗು ಹಿಡಿಯುತ್ತವೆ, ಆಮೇಲೆ ಮನೆಗೆ ಬಂದು ಒಂದು ವಾರ ಸೋಫಾದ ಮೇಲೆ ಹುಲಿ ಕುಣಿಯುತ್ತವೆ.

ದಕ್ಕೆಗೆ, ಅಂದರೆ ಮೀನುಗಾರಿಕೆಯ ಬಂದರಿಗೆ, ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಬೇಕು, ಅದು ಬೇರೆಯೇ ದಿನದ ಕಾರ್ಯಕ್ರಮ. ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಬಂಗುಡೆ, ಭೂತಾಯಿ, ಅಂಜಲ್ ಬುಟ್ಟಿ ಬುಟ್ಟಿಯಾಗಿ ಇಳಿಯುತ್ತವೆ, ಏಲಂ ಕೂಗುವವರ ಮಾತು ನಮಗೇ ಪೂರ್ತಿ ಹಿಡಿಯುವುದಿಲ್ಲ. ಮೀನು ತಿನ್ನದ ಮನೆಯ ಮಕ್ಕಳೂ ಅಲ್ಲಿಂದ ಬರಲಿಕ್ಕೆ ಒಪ್ಪುವುದಿಲ್ಲ. ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳ ಮೀನುಗಾರಿಕೆಗೆ ನಿಷೇಧ, ಆಗ ಈ ಗಲಾಟೆ ಇರುವುದಿಲ್ಲ.

ಸುಲ್ತಾನ್ ಬತ್ತೇರಿ ಸ್ವಲ್ಪ ದೂರ, ಆಟೋ ಮಾಡಬೇಕು. ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು, ತೋಪಿಗೆ ಬಿಟ್ಟ ಕಿಂಡಿಗಳಿಂದ ಹೊಳೆ ಕಾಣುತ್ತದೆ. ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ದಾಟಿದರೆ ತಣ್ಣೀರುಬಾವಿ. ಬೀಚಿಗಿಂತ ದೋಣಿಯೇ ಮಕ್ಕಳಿಗೆ ಇಷ್ಟ. ನನಗೂ.

ಎಲ್ಲಿಗೆ ಹೋದರೂ ಕೊನೆಗೆ ಗಡ್‌ಬಡ್ ಐಸ್‌ಕ್ರೀಮು ತಿನ್ನದೆ ಮನೆಗೆ ಬರುವ ಪದ್ಧತಿ ನಮ್ಮಲ್ಲಿ ಇಲ್ಲ. 1975ರಲ್ಲಿ ಐಡಿಯಲ್ ಐಸ್‌ಕ್ರೀಮಿನ ಅಂಗಡಿ ಶುರುವಾದದ್ದು ಇದೇ ಹಂಪನಕಟ್ಟೆಯಲ್ಲಿ. ಉದ್ದದ ಗ್ಲಾಸು, ಉದ್ದದ ಚಮಚ, ಒಂದರ ಮೇಲೊಂದು ಐಸ್‌ಕ್ರೀಮು, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ. ಮೇಲಿನಿಂದ ತಿನ್ನುತ್ತಾ ಹೋಗುವುದಾ, ಮೊದಲೇ ತಳದವರೆಗೆ ಚಮಚ ಇಳಿಸುವುದಾ ಎನ್ನುವುದರ ಮೇಲೆ ನಮ್ಮ ಮನೆಯಲ್ಲಿ ಎರಡು ಪಕ್ಷ ಉಂಟು. ಭಾವ ಮೊದಲನೆಯ ಪಕ್ಷ, ಜೆಲ್ಲಿ ಸಿಗುವ ಹೊತ್ತಿಗೆ ಅವರ ಗ್ಲಾಸು ಪಾಯಸವಾಗಿರುತ್ತದೆ. ಅಮ್ಮ ಯಾವ ಪಕ್ಷವೂ ಅಲ್ಲ. "ನನಗೆ ಬೇಡ, ಶೀತ ಆಗ್ತದೆ" ಎಂದು ತನಗೆ ತರಿಸುವುದಿಲ್ಲ. ಬರೀ ಒಂದು ಚಮಚ ಕೇಳಿ ಇಸಿದುಕೊಂಡು ಎಲ್ಲರ ಗ್ಲಾಸಿನಿಂದಲೂ ರುಚಿ ನೋಡುತ್ತಾರೆ. ಲೆಕ್ಕ ಹಾಕಿದರೆ ಎಲ್ಲರಿಗಿಂತ ಜಾಸ್ತಿ ಗೋಡಂಬಿ ಹೋಗುವುದು ಅವರ ಬಾಯಿಗೇ.