ಹೊಟ್ಟೆ ಒಳಗೆ ಎಳ್ಕೊಳ್ರೀ!

ಅಮೆರಿಕದ ಯೂಟಾ ರಾಜ್ಯದ ಎಸ್ಕಲಾಂಟೆ ಅನ್ನೋ ಪುಟ್ಟ ಊರಿಂದ ಸ್ವಲ್ಪ ಆಚೆಗೆ ಹೋಲ್-ಇನ್-ದ-ರಾಕ್ ರೋಡ್ ಅಂತ ಮಣ್ಣಿನ ರಸ್ತೆ ಶುರುವಾಗುತ್ತೆ. 1880ರಲ್ಲಿ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಜನ ಬಂಡೆ ಬಿರುಕನ್ನ ಸಿಡಿಮದ್ದು ಇಟ್ಟು ಅಗಲ ಮಾಡಿ, ಅದರೊಳಗಿಂದ ಗಾಡಿಗಳನ್ನ ಹಗ್ಗ ಕಟ್ಟಿ ಕೊಲರಾಡೋ ನದಿಗೆ ಇಳಿಸಿದ್ರಲ್ಲ, ಅವರು ಹೋದ ದಾರಿ. ಆಮೇಲೆ ಯಾರೂ ಅದನ್ನ ರಿಪೇರಿ ಮಾಡಿಲ್ಲ ಅನ್ನೋದು ನನ್ನ ಸೊಂಟದ ಅಭಿಪ್ರಾಯ.

ಸುಮಾರು 26 ಮೈಲಿ ಕಾರು ಕುಣಿದೂ ಕುಣಿದೂ ಹಿಂದಿನ ಸೀಟಲ್ಲಿದ್ದ ಚಟ್ನಿಪುಡಿ ಡಬ್ಬಿ ಮುಚ್ಚಳ ಬಿಚ್ಕೊಂಡು ನಮ್ಮನೆಯವರ ಜಾಕೆಟ್ ಮೇಲೆಲ್ಲಾ ಚೆಲ್ತು. ಆ ಕಡೆ ಮರಳುಗಾಡಿನ ಧೂಳೂ ಕೆಂಪು, ಈ ಪುಡೀನೂ ಕೆಂಪು, ಸೀನು ಬಂದಾಗಲೇ ಯಾವುದು ಏನು ಅಂತ ಗೊತ್ತಾಗಿದ್ದು. ಕೊಡವಿ ಅದನ್ನೇ ಹಾಕ್ಕೊಂಡ್ರು, ಇನ್ನೇನ್ಮಾಡೋದು.

ಅಲ್ಲಿ ಪೀಕಬೂ, ಸ್ಪೂಕಿ ಅಂತ ಎರಡು ಸ್ಲಾಟ್ ಕ್ಯಾನಿಯನ್, ಅಂದ್ರೆ ನೀರು ಬಂಡೆ ಕೊರೆದು ಮಾಡಿದ ಇಕ್ಕಟ್ಟಾದ ಕಣಿವೆ. ಮೋಡ ಕಂಡ್ರೆ ಒಳಗೆ ಹೋಗೋ ಹಾಗಿಲ್ಲ, ಎಲ್ಲೋ ದೂರದಲ್ಲಿ ಮಳೆ ಬಿದ್ರೂ ಇಲ್ಲಿ ಏಕಾಏಕಿ ನೀರು ನುಗ್ಗುತ್ತೆ. ಆವತ್ತು ಆಕಾಶ ಶುಭ್ರ. ಪೀಕಬೂ ಬಾಯಲ್ಲೇ ಆಳೆತ್ತರ ಮೀರಿದ ಬಂಡೆ, ಕಾಲಿಡಕ್ಕೆ ಗುಳಿ ಕೊರೆದಿದ್ದಾರೆ, ಹೇಗೋ ಹತ್ತಿದ್ವಿ. ಪೀಕಬೂಲಿ ಹತ್ತಿ ಸ್ಪೂಕಿಲಿ ಇಳಿಯೋದು ಪದ್ಧತಿ. ಸ್ಪೂಕಿ ಕೆಲವು ಕಡೆ ಒಂದಡಿಗಿಂತ ಕಿರಿದು. ಬ್ಯಾಗ್ ಕೈಲಿ ಹಿಡ್ಕೊಂಡು ಅಡ್ಡಡ್ಡ ಏಡಿ ಥರ ಸರೀಬೇಕು. ನಾನು ಮುಂದೆ ದಾಟಿದೆ, ನಮ್ಮನೆಯವರು ಹೊಟ್ಟೆ ಹತ್ರ ನಿಂತೋದ್ರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವರ ಬೆನ್ನ ಹಿಂದೆ ಜನ ಸಾಲುಗಟ್ಟಿದ್ರು.

ಯಾರಿಗೆ ಅರ್ಥ ಆಗುತ್ತೆ ಅಂತ ಜೋರಾಗೇ ಅಂದೆ, "ಹೊಟ್ಟೆ ಒಳಗೆ ಎಳ್ಕೊಳ್ರೀ! ಅತ್ತೆ ಕಳಿಸಿದ್ದ ಕೊಬ್ರಿ ಮಿಠಾಯಿನೆಲ್ಲಾ ಒಬ್ರೇ ಮುಗಿಸಿದ್ರಲ್ಲ, ಈಗ ಅನುಭವಿಸಿ!"

ಹಿಂದಿಂದ ಒಂದು ಗಂಡು ದನಿ. "ಮೇಡಂ, ಅವರಿಗೆ ಎಡಗೈ ಮೇಲೆತ್ತಕ್ಕೆ ಹೇಳಿ. ಚಟ್ನಿಪುಡಿ ವಾಸನೆ ಬಂದಾಗಲೇ ಅನ್ಕೊಂಡೆ ಕನ್ನಡದವರೇ ಅಂತ. ಸಾರ್, ನಿಮ್ದು ಯಾವೂರು?"

ಸಿಕ್ಕಿಹಾಕಿಕೊಂಡಿರೋ ಮನುಷ್ಯ ಮೊದಲು ಹೊರಗೆ ಬರ್ಬೇಕೋ ಬೇಡ್ವೋ? ಕುತ್ತಿಗೆ ತಿರುಗಿಸಕ್ಕಾಗದೆ ಬಂಡೆ ಕಡೆ ಮುಖ ಇಟ್ಕೊಂಡೇ "ತಿಪಟೂರು" ಅಂದ್ರು. ಆತಂದು ಅರಸೀಕೆರೆ. ಆಮೇಲೆ ಕೇಳ್ತೀರಾ, ಈ ವರ್ಷದ ಕೊಬ್ರಿ ರೇಟು, ಮನೆ ಬಾಡಿಗೆ, ಗ್ರೀನ್ ಕಾರ್ಡ್ ಎಲ್ಲಾ ಅಲ್ಲೇ ಆಯ್ತು. ಆ ಸಾಲಿನ ಕೊನೆಯಿಂದ ಒಬ್ಬಳು ಅಮೆರಿಕನ್ ಅಜ್ಜಿ, ಪಾಪ, ರಕ್ಷಣಾ ತಂಡದವರು ಬಂದು ಮಾತಾಡಿಸ್ತಿದಾರಾ ಅಂತ ಕೂಗಿ ಕೇಳಿದ್ಲು.