ಮೊಟ್ಟೆಯೊಳಗಿನ ಮರಿ ಸುಮ್ನೆ ಮಲಗಿರುವುದಿಲ್ಲ

‘ಮೊಟ್ಟೆಯೊಳಗೆ ಕೋಳಿಮರಿ ಅಲುಗಾಡದೆ ಮಲಗಿರುತ್ತದೆ, ಹೊರಬಂದು ಓಡಾಡಿದ ಮೇಲೆಯೇ ಸ್ನಾಯು ಹುಟ್ಟುತ್ತದೆ’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕಾವು ಕೂತ ಮೊದಲ ಒಂದೆರಡು ದಿನದಲ್ಲೇ ಭ್ರೂಣದ ಬೆನ್ನಿನುದ್ದಕ್ಕೂ ಜೋಡಿ ಜೋಡಿ ಗಂಟುಗಳು ಮೂಡುತ್ತವೆ. ಕಾಲು, ರೆಕ್ಕೆಗಳ ಸ್ನಾಯುಕೋಶಗಳು ಅಲ್ಲಿಂದಲೇ ವಲಸೆ ಹೋಗುತ್ತವೆ. ಕೋಳಿ ಭ್ರೂಣಕ್ಕೆ ಕೌಜುಗದ ಗಂಟುಗಳನ್ನು ಕಸಿ ಮಾಡಿ ನೋಡಿದಾಗ ಇದು ಖಚಿತವಾಯಿತು. ರೆಕ್ಕೆಯ ಸ್ನಾಯು ಕೌಜುಗದ್ದೇ ಆಗಿತ್ತು!

ನಾಲ್ಕನೇ ದಿನದ ಹೊತ್ತಿಗೆ ಭ್ರೂಣ ಕತ್ತು ಅಲ್ಲಾಡಿಸುತ್ತದೆ. ಈ ಅಲುಗಾಟ ಬೇಕೇ ಬೇಕು. ಪ್ರಯೋಗಗಳಲ್ಲಿ ಔಷಧ ಕೊಟ್ಟು ಅದನ್ನು ನಿಲ್ಲಿಸಿದಾಗ ಸ್ನಾಯು ಸೊರಗಿತು, ಕೀಲುಗಳು ಅಂಟಿಕೊಂಡವು.

ಇನ್ನು ‘ಹೊರಬಂದ ಮೇಲೆ’ ಎಂಬ ಮಾತು. ಸ್ನಾಯು ಎಳೆಗಳ ಸಂಖ್ಯೆ 21ನೇ ದಿನ ಮರಿ ಹೊರಬರುವ ಹೊತ್ತಿಗೆ ಹೆಚ್ಚುಕಮ್ಮಿ ನಿಗದಿಯಾಗಿರುತ್ತದೆ. ಆಮೇಲೆ ಮುಖ್ಯವಾಗಿ ಆ ಎಳೆಗಳೇ ದಪ್ಪ, ಉದ್ದ ಆಗುತ್ತವೆ. ಹೊರಗೆ ಸ್ನಾಯು ಜಾಸ್ತಿ ಆಗುವುದು ನಿಜ, ಆದರೆ ಹುಟ್ಟುವುದು ಅಲ್ಲಿ ಅಲ್ಲ.

ಉಲ್ಟಾ ಉದಾಹರಣೆಯೂ ಇದೆ: ಕತ್ತಿನ ಹಿಂದಿನ ಒಂದು ಸ್ನಾಯು ಚಿಪ್ಪು ಒಡೆಯುವ ಹೊತ್ತಿಗೆ ಊದಿಕೊಂಡು ಕೊಕ್ಕಿಗೆ ಬಲ ಕೊಡುತ್ತದೆ. ಮರಿ ಹೊರಬಂದ ಕೆಲ ದಿನಗಳಲ್ಲಿ ಕುಗ್ಗುತ್ತದೆ.